ಏಳಲೊಲ್ಲದ ಬಲಗಣ್ಣು

ಹಳೆಯ ಮೋಟಾರು ಸಾಕುವುದೆಂದರೆ ಆನೆ ಸಾಕಿದಂತೆ. ಸೊಲ್ಲಾಪುರದ ಬಟ್ಟೆ ಅಂಗಡಿಯ ಗಲ್ಲೆಯ ಮುಂದೆ ಕೂತ ನಮಗೆ ಆ ಉಸಾಬರಿ ಬೇಕಾಗಿರಲಿಲ್ಲ. ಆದರೆ ಅಮೆರಿಕದ ಓಹಾಯೋದಲ್ಲಿರುವ ನಮ್ಮ ಅಣ್ಣನ ಮಗ ಅಂಥದೊಂದನ್ನು ಸಾಕಿದ್ದಾನೆ. 1975ರ ಷೆವರ್ಲೆ ಕಾರ್ವೆಟ್, ಸೇಂಟ್ ಲೂಯಿಸ್ ಕಾರ್ಖಾನೆಯಲ್ಲಿ ತಯಾರಾದದ್ದು. ತನ್ನ ದುಡಿಮೆಯ ಹಣದಿಂದ ಅವನು ಕೊಂಡ ಮೊದಲ ವಸ್ತು ಅದು. 2023ರ ಬೇಸಿಗೆಯಲ್ಲಿ ನಾವು ಗಂಡ ಹೆಂಡತಿ ಅಲ್ಲಿಗೆ ಹೋದಾಗ ಅದನ್ನು ಮಾರುವ ಮಾತು ನಡೆದಿತ್ತು.

ಈ ಕಾರಿನ ಮುಂದಿನ ದೀಪಗಳು ಹಗಲು ಮೂತಿಯೊಳಗೆ ಮುಚ್ಚಿಕೊಂಡಿರುತ್ತವೆ, ಗುಂಡಿ ಎಳೆದರೆ ಕಣ್ಣು ತೆರೆದಂತೆ ಮೇಲೇಳುತ್ತವೆ. ಇವನ ಕಾರಿನಲ್ಲಿ ಎಡಗಣ್ಣು ಚುರುಕು. ಬಲಗಣ್ಣು ಅರ್ಧ ಎದ್ದು ತೂಕಡಿಸುತ್ತಿತ್ತು. ರಾತ್ರಿ ಹೊತ್ತು ಮಕ್ಕಳನ್ನು ಅದರಲ್ಲಿ ಕೂರಿಸಲು ಸೊಸೆ ಸುತರಾಂ ಒಪ್ಪಳು. ಗ್ಯಾರೇಜಿನವನೊಬ್ಬ ದೀಪ ಎತ್ತುವ ಎರಡೂ ಡಬ್ಬಿ, ತೊಟ್ಟಿ, ನಳಿಗಳೆಲ್ಲ ಹೊಸದು ಹಾಕಬೇಕೆಂದು ಉದ್ದದ ಪಟ್ಟಿ ಬರೆದುಕೊಟ್ಟಿದ್ದ. ಆ ಪಟ್ಟಿ ನೋಡಿಯೇ ಗಿರಾಕಿಯೊಬ್ಬ ಬೆಲೆ ಇಳಿಸಿ ಕೇಳುತ್ತಿದ್ದ.

"ಕಾಕಾ, ಕೊಟ್ಟು ಕೈ ತೊಳಕೋತೀನ್ರಿ" ಎಂದ ಹುಡುಗ.

"ತಡಿ ತಮ್ಮಾ, ಮೊದಲ ಎಲ್ಲಿ ಸೋರತೈತಿ ನೋಡೂಣು" ಎಂದೆವು.

ಸೋರುವುದು ನೀರಲ್ಲ, ಎಣ್ಣೆಯೂ ಅಲ್ಲ. 1963ರಿಂದ 1967ರವರೆಗಿನ ಕಾರ್ವೆಟ್ಟಿನಲ್ಲಿ ದೀಪ ತಿರುಗಿಸಲು ವಿದ್ಯುತ್ ಮೋಟಾರ್ ಇತ್ತು. 1968ರಿಂದ 1982ರವರೆಗೆ ಆ ಕೆಲಸವನ್ನು ನಿರ್ವಾತಕ್ಕೆ, ಅಂದರೆ ಇಂಜಿನ್ ಗಾಳಿ ಹೀರುವಾಗ ಉಂಟಾಗುವ ಸೆಳೆತಕ್ಕೆ, ವಹಿಸಿದರು. ಇಂಜಿನ್ ಇದನ್ನು ಪುಕ್ಕಟೆ ಕೊಡುತ್ತದೆ, ನಿಜ. ಆದರೆ ವೇಗದ ಪೆಡಲ್ ಪೂರ್ತಿ ಒತ್ತಿದಾಗ ಸೆಳೆತ ಇಳಿದುಹೋಗುತ್ತದೆ. ಅದಕ್ಕೆಂದೇ ಸೆಳೆತವನ್ನು ಕೂಡಿಡಲು ಒಂದು ತೊಟ್ಟಿ, ಕೂಡಿಟ್ಟದ್ದು ಮರಳಿ ಹೋಗದಂತೆ ಒಮ್ಮುಖದ ಕವಾಟ. ಇಂಗ್ಲೆಂಡಿನ ಲೋಟಸ್ ಎಲಾನ್ ಕಾರಿನಲ್ಲಂತೂ ಚೌಕಟ್ಟಿನ ಮುಂದಿನ ಅಡ್ಡ ತೊಲೆಯ ಪೊಳ್ಳನ್ನೇ ತೊಟ್ಟಿ ಮಾಡಿದ್ದರು. ತುಕ್ಕು ಹಿಡಿದು ತೂತು ಬಿದ್ದರೆ ದೀಪವೂ ಹೋಯಿತು! ಜಾಣತನ ಹೆಚ್ಚಾದರೆ ಹೀಗೆಯೇ.

ಗುಂಡಿಯ ಹಿಂದಿನಿಂದ ಹೊರಡುವ ಸಣ್ಣ ನಳಿ ಅಪ್ಪಣೆಯನ್ನಷ್ಟೇ ಒಯ್ಯುತ್ತದೆ. ದೀಪದ ಹತ್ತಿರದ ರಿಲೇ ಆ ಅಪ್ಪಣೆ ಕಂಡು ದಪ್ಪ ನಳಿಯ ಸೆಳೆತವನ್ನು ಡಬ್ಬಿಗೆ ಬಿಡುತ್ತದೆ. ಗುಮಾಸ್ತ ಚೀಟಿ ಕಳಿಸಿದರೆ ಗೋದಾಮಿನವನು ಮೂಟೆ ಬಿಡುವ ಹಾಗೆ. ಡಬ್ಬಿಗೆ ಎರಡು ಬಾಯಿ, ಒಂದು ದೀಪ ಏಳಿಸಲು, ಇನ್ನೊಂದು ಇಳಿಸಲು. ನಡುವೆ ರಬ್ಬರ್ ಪೊರೆ.

ಅಂಗಡಿಯಲ್ಲಿ ಮಾಲು ಕಡಿಮೆ ಬಂದರೆ ನಾವು ಇಡೀ ಗೋದಾಮು ಬದಲಿಸುತ್ತೇವೆಯೇ? ಒಂದೊಂದೇ ಖಾತೆ ಹಿಡಿದು ತಾಳೆ ನೋಡುತ್ತೇವೆ. ಇಲ್ಲಿಯೂ ಅದೇ ದಾರಿ ಹಿಡಿದೆವು. ಅಳತೆಯ ಮುಳ್ಳಿರುವ ಕೈಪಂಪು ಒಂದನ್ನು ತರಿಸಿದೆವು. ಇಂಜಿನ್ ಸುಮ್ಮನೆ ಓಡುವಾಗ ಮುಳ್ಳು 18 ಇಂಚು ಪಾದರಸ ತೋರಿಸಿತು. 17ರಿಂದ 21 ಇದ್ದರೆ ಇಂಜಿನ್ನಿಗೆ ಆರೋಗ್ಯ. ಎಡಗಣ್ಣು ಸರಿಯಾಗಿ ಏಳುತ್ತಿದೆ ಎಂದ ಮೇಲೆ ತೊಟ್ಟಿ, ಕವಾಟ, ಗುಂಡಿ ಇವುಗಳ ಮೇಲಿನ ಅನುಮಾನವೂ ಬಹುಮಟ್ಟಿಗೆ ಹೋಯಿತು. ಎರಡೂ ಕಣ್ಣು ಮಂದವಾಗಿದ್ದರೆ ಅಲ್ಲಿಂದಲೇ ಹುಡುಕಬೇಕಿತ್ತು. ಇಂಜಿನ್ ನಿಲ್ಲಿಸಿ ಬಲದೀಪವನ್ನು ಕೈಯಿಂದ ಎತ್ತಿದೆವು. ಹಗುರವಾಗಿ ಎದ್ದಿತು, ಕೀಲು ಹಿಡಿದಿರಲಿಲ್ಲ. (ಇಂಜಿನ್ ಓಡುವಾಗ ಅಲ್ಲಿ ಬೆರಳಿಡಬೇಡಿ, ತಟ್ಟನೆ ಮುಚ್ಚಿಕೊಳ್ಳುತ್ತದೆ.)

ಇನ್ನೊಂದು ಸುಳಿವು ಕಂಡವರು ಬ್ಯಾಟರಿ ಹಿಡಿದು ನಿಂತಿದ್ದ ನಮ್ಮ ಮನೆಯವರು. "ಏಳೂದಕ್ಕಷ್ಟೆ ಸೋಮಾರಿ, ಇಳೀವಾಗ ಚಲೋ ಇಳೀತೈತಲ್ರಿ" ಎಂದರು. ಪೊರೆ ಹರಿದಿದ್ದರೆ ಏಳುವುದೂ ಇಳಿಯುವುದೂ ಎರಡೂ ಕೆಡಬೇಕು. ಕಡ್ಡಿ ಹೊರಬರುವಲ್ಲಿನ ರಬ್ಬರ್ ಬಿರಡೆ ಸವೆದಿದ್ದರೆ ಒಂದು ಕಡೆ ಮಾತ್ರ ಕೆಡಬಹುದು. ಡಬ್ಬಿಯ ಎರಡೂ ಬಾಯಿಗೆ ಪಂಪು ಹಚ್ಚಿ ಸೆಳೆದೆವು. ಮುಳ್ಳು ಕದಲಲಿಲ್ಲ. ಪಟ್ಟಿಯಲ್ಲಿ ಎಲ್ಲಕ್ಕಿಂತ ದುಬಾರಿ ಎಂದು ಬರೆದಿದ್ದ ಡಬ್ಬಿ ನಿರಪರಾಧಿ!

ಉಳಿದದ್ದು ರಿಲೇಯಿಂದ ಡಬ್ಬಿಗೆ ಹೋಗುವ, ದೀಪ ಏಳಿಸುವ ನಳಿ. ಒಂದು ತುದಿಗೆ ಬಿರಡೆ ಹಾಕಿ ಇನ್ನೊಂದು ತುದಿಗೆ ಪಂಪು ಹಚ್ಚಿದೊಡನೆ ಮುಳ್ಳು ಜಾರತೊಡಗಿತು. ಹೊರಗಿನಿಂದ ನೋಡಿದರೆ ನಳಿ ಗಟ್ಟಿಮುಟ್ಟು. ಬಿಚ್ಚಿ ಬಗ್ಗಿಸಿದಾಗ, ತಗಡಿನ ಹಿಂದೆ ತಿರುವಿದ್ದ ಕಡೆ ಉಗುರಿನಷ್ಟು ಸೀಳು ಬಾಯಿಬಿಟ್ಟಿತು. ಬಿಸಿ ತಿಂದು ತಿಂದು ರಬ್ಬರ್ ಕಟ್ಟಿಗೆಯಾಗಿತ್ತು.

ಹೊಸ ನಳಿಗೆ ಕೆಲವು ಡಾಲರಷ್ಟೇ ಆಯಿತು. ಮರುದಿನ ಸಂಜೆ ಎರಡೂ ಕಣ್ಣು ಕೂಡಿಯೇ ಎದ್ದವು. ಸೊಸೆ ಮೆಟ್ಟಿಲ ಮೇಲೆ ನಿಂತು ಹತ್ತು ಸಲ ಏಳಿಸಿ ಇಳಿಸಿ ತೋರಿಸಿರೆಂದಳು, ಆಮೇಲೆ ಮಕ್ಕಳನ್ನು ಕರೆದಳು. ಎಡಗಡೆಯ ನಳಿಗಳೂ ಅದೇ ವಯಸ್ಸಿನವಾದ್ದರಿಂದ ಅವುಗಳ ಉದ್ದವನ್ನೂ ಅಳೆದು ಚೀಟಿಯಲ್ಲಿ ಬರೆದುಕೊಟ್ಟೆವು. ಗಿರಾಕಿ ಎರಡು ಸಲ ಫೋನ್ ಮಾಡಿದ. ನಾವು ಅಲ್ಲಿರುವವರೆಗೆ ಹುಡುಗ ಎತ್ತಲಿಲ್ಲ.