ಅವ್ಯಕ್ತ ಸಂಕಲನ

ಬೈಂದೂರಿನಿಂದ ಬ್ರಹ್ಮಾವರದ ವರೆಗಿನ ಸೀಮೆಯಲ್ಲಿ ಲೆಕ್ಕವರಿಯದ ಮನೆಯೆಂಬುದು ವಿರಳ. ತೆಂಗಿನಕಾಯಿಯ ಎಣಿಕೆ, ದೋಣಿಯ ಪಾಲು, ಮದುವೆಯ ಉಗ್ರಾಣದ ಪಟ್ಟಿ, ಇವನ್ನೆಲ್ಲ ಬಾಯಿಲೆಕ್ಕದಲ್ಲಿಯೇ ಮುಗಿಸಬಲ್ಲ ಹಿರಿಯರು ಇಲ್ಲಿ ಇಂದಿಗೂ ಉಂಟು. ಆದರೆ ಅದೇ ಮನೆಯ ಬಾಲಕಿಯು ಬೀಜಗಣಿತದ ಪುಸ್ತಕವನ್ನು ತೆರೆದು, ಬಹುಪದೋಕ್ತಿಗಳನ್ನು ಕೂಡಿಸುವ ಬಗೆ ಹೇಗೆಂದು ಕೇಳಿದೊಡನೆ ಆ ಹಿರಿಯರು ಮೌನವನ್ನು ತಾಳುವರು, ಇಲ್ಲವೆ, “ಆ ಅಕ್ಷರವನ್ನು ತೆಂಗಿನಕಾಯಿಯೆಂದು ತಿಳಿ, ಮೂರು ಕಾಯಿಗೆ ಎರಡು ಕಾಯಿ ಸೇರಿದರೆ ಐದು ಕಾಯಿ” ಎಂದು ಹೇಳಿ ಕೈತೊಳೆದುಕೊಳ್ಳುವರು. ಉತ್ತರವು ಸರಿಯಾಗಿಯೇ ಬರುವುದರಿಂದ ಎಲ್ಲರಿಗೂ ಸಮಾಧಾನ. ಕೇಡು ಮೊಳೆಯುವುದು ಆ ಸಮಾಧಾನದಲ್ಲಿಯೇ.

ಬೀಜಗಣಿತದ ಅಕ್ಷರವು ಕಾಯಿಯಲ್ಲ, ಕಾಯಿಗಳ ಸಂಖ್ಯೆ. ಈ ಭೇದವು ಕೂದಲೆಳೆಯಷ್ಟೆಂದು ತೋರಬಹುದು. ಆದರೆ ನಾಲ್ಕು ದಿನ ಕಳೆದು ಗುರುಗಳು ಅಕ್ಷರವನ್ನು ಅದೇ ಅಕ್ಷರದಿಂದ ಗುಣಿಸೆಂದು ಹೇಳುವಾಗ, ಕಾಯಿಯನ್ನು ಕಾಯಿಯಿಂದ ಗುಣಿಸಿದರೆ ಏನಾದೀತೆಂದು ಆ ಮಗುವು ಯಾರನ್ನು ಕೇಳಬೇಕು? ಸಂಖ್ಯೆಯನ್ನು ಸಂಖ್ಯೆಯಿಂದ ಗುಣಿಸಬಹುದಲ್ಲದೆ ಕಾಯಿಯನ್ನು ಕಾಯಿಯಿಂದಲ್ಲ. ಇಲ್ಲಿ ದಾರಿ ತಪ್ಪಿದ ಮಕ್ಕಳಲ್ಲಿ ಅನೇಕರು ಮತ್ತೆ ಗಣಿತದ ಕಡೆಗೆ ತಿರುಗಿ ನೋಡುವುದಿಲ್ಲ. “ಇವಳಿಗೆ ಲೆಕ್ಕ ತಲೆಗೆ ಹತ್ತದು” ಎಂಬ ತೀರ್ಪು ಮನೆಯಲ್ಲಿ ಹೊರಟುಬಿಡುತ್ತದೆ. ತೀರ್ಪಿಗೆ ಗುರಿಯಾದವಳು ಬಾಲಕಿ, ಕಾರಣವಾದುದು ತೆಂಗಿನಕಾಯಿ.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಎಚ್ಚರವುಳ್ಳವರಾಗಿದ್ದರು. 1114ರಲ್ಲಿ ಜನಿಸಿದ ಭಾಸ್ಕರಾಚಾರ್ಯನು ತನ್ನ ಬೀಜಗಣಿತದಲ್ಲಿ ತಿಳಿಯದ ಸಂಖ್ಯೆಯನ್ನು ಅವ್ಯಕ್ತವೆಂದು ಕರೆದನು. ಮೊದಲನೆಯ ಅವ್ಯಕ್ತಕ್ಕೆ ‘ಯಾವತ್ತಾವತ್’ ಎಂದು ಹೆಸರು. ಎಷ್ಟೋ ಅಷ್ಟು ಎಂದರ್ಥ. ಹೆಸರಿನಲ್ಲಿಯೇ ಪರಿಮಾಣವಿದೆ, ಪದಾರ್ಥವಿಲ್ಲ. ಒಂದಕ್ಕಿಂತ ಹೆಚ್ಚು ಅವ್ಯಕ್ತಗಳು ಬಂದಾಗ ಕಾಲಕ, ನೀಲಕ, ಪೀತಕ, ಲೋಹಿತಕ ಎಂಬ ಬಣ್ಣಗಳ ಹೆಸರುಗಳು. ತಿಳಿದ ಸಂಖ್ಯೆಗೆ ರೂಪವೆಂದು ಹೆಸರು. ಇವುಗಳ ಮೊದಲಕ್ಷರಗಳಾದ ಯಾ, ಕಾ, ನೀ, ರೂ ಎಂಬವನ್ನು ಬರೆದು ಲೆಕ್ಕ ಮಾಡುತ್ತಿದ್ದರು. ಇಂದಿನ ಪುಸ್ತಕದ ಎಕ್ಸ್ ಮತ್ತು ವೈ ಈ ಮನೆತನದವೇ. ಸಂಕಲನದ ನಿಯಮವೂ ಸರಳ: ಸಮಾನ ಜಾತಿಯವು ಕೂಡುತ್ತವೆ, ಭಿನ್ನ ಜಾತಿಯವು ಬೇರೆ ಬೇರೆಯಾಗಿಯೇ ನಿಲ್ಲುತ್ತವೆ. ಒಂದು ಅವ್ಯಕ್ತ ಮತ್ತು ಒಂದು ರೂಪ. ಎಂಟು ರೂಪ ಕಳೆದ ಎರಡು ಅವ್ಯಕ್ತ. ಇವೆರಡನ್ನು ಕೂಡಿಸೆಂದು ಭಾಸ್ಕರನು ಉದಾಹರಣೆ ಕೊಡುತ್ತಾನೆ. ಮೂರು ಅವ್ಯಕ್ತ, ಏಳು ರೂಪ ಋಣ ಎಂಬುದು ಉತ್ತರ. ಋಣವನ್ನು ಸೂಚಿಸಲು ಅಂಕೆಯ ಮೇಲೆ ಒಂದು ಬಿಂದು. ಧನವೆಂದರೆ ಸ್ವತ್ತು, ಋಣವೆಂದರೆ ಸಾಲ. ಇವುಗಳನ್ನು ಕೂಡಿಸುವ ವಿಧಿಯನ್ನು ಬ್ರಹ್ಮಗುಪ್ತನು 628ರಷ್ಟು ಹಿಂದೆಯೇ ಹೇಳಿದ್ದನು.

ಮನೆಯಲ್ಲಿ ಇದನ್ನು ತಿಳಿಸಬೇಕಾದರೆ ತೆಂಗಿನಕಾಯಿಯನ್ನು ಬಿಡಬೇಕಾಗಿಲ್ಲ. ಅದನ್ನು ಬುಟ್ಟಿಗೆ ಹಾಕಿದರೆ ಸಾಕು. ಗಂಗೊಳ್ಳಿಯ ಕಡೆಯಿಂದ ಒಂದು ದೋಣಿಯು ಮೂರು ಬುಟ್ಟಿಗಳನ್ನೂ ನಾಲ್ಕು ಬಿಡಿ ಕಾಯಿಗಳನ್ನೂ ತಂದಿತು. ಇನ್ನೊಂದು ದೋಣಿಯು ಎರಡು ಬುಟ್ಟಿ, ಐದು ಬಿಡಿ ಕಾಯಿಗಳನ್ನು ತಂದಿತು. ಎಲ್ಲ ಬುಟ್ಟಿಗಳಲ್ಲಿಯೂ ಕಾಯಿಗಳ ಸಂಖ್ಯೆ ಸಮಾನ. ಆದರೆ ಎಷ್ಟೆಂದು ತಿಳಿಯದು. ಒಟ್ಟು ಐದು ಬುಟ್ಟಿ, ಒಂಬತ್ತು ಕಾಯಿ. ಇದಕ್ಕಿಂತ ಹೆಚ್ಚು ಹೇಳಲು ಯಾರಿಗೂ ಅಧಿಕಾರವಿಲ್ಲ. ಹದಿನಾಲ್ಕು ಎಂದು ಹೇಳಿದವನು ಬುಟ್ಟಿಯನ್ನೂ ಕಾಯಿಯನ್ನೂ ಒಂದೆಂದು ಎಣಿಸಿದವನು. ಬುಟ್ಟಿಯಲ್ಲಿ 40 ಕಾಯಿಗಳಿದ್ದುವೆನ್ನೋಣ: ಮೊದಲ ದೋಣಿಯಲ್ಲಿ 124, ಎರಡನೆಯದರಲ್ಲಿ 85, ಒಟ್ಟು 209. ಐದು ಬುಟ್ಟಿಗೆ 200, ಬಿಡಿಯಾದುವು 9, ತಾಳೆಯಾಯಿತು. ಬೇರೆ ಸಂಖ್ಯೆಯನ್ನಿಟ್ಟರೂ ತಾಳೆಯಾಗುತ್ತದೆ. ಹೀಗೆ ಪರೀಕ್ಷಿಸುವ ಅಭ್ಯಾಸವನ್ನು ಮಗುವಿಗೆ ಕಲಿಸಿದರೆ, ಉತ್ತರ ಸರಿಯೇ ತಪ್ಪೇ ಎಂದು ಅದು ಇನ್ನೊಬ್ಬರ ಮುಖವನ್ನು ನೋಡಬೇಕಾಗುವುದಿಲ್ಲ.

ಇನ್ನು ವರ್ಗದ ಪದಕ್ಕೆ ಗದ್ದೆಯೇ ದೃಷ್ಟಾಂತ. ಬದಿಯ ಉದ್ದ ತಿಳಿಯದ ಚೌಕ ಗದ್ದೆಯು ‘ಯಾವರ್ಗ’. ಅಷ್ಟೇ ಉದ್ದವೂ ಒಂದು ಮಾರು ಅಗಲವೂ ಉಳ್ಳ ಪಟ್ಟಿಯು ‘ಯಾ’. ಮಾರುದ್ದ ಮಾರಗಲದ ತುಂಡು ‘ರೂ’. ಗದ್ದೆಗೆ ಗದ್ದೆ, ಪಟ್ಟಿಗೆ ಪಟ್ಟಿ, ತುಂಡಿಗೆ ತುಂಡು. ಎರಡು ಯಾವರ್ಗ, ಮೂರು ಯಾ, ನಾಲ್ಕು ರೂ ಎಂಬುದಕ್ಕೆ ಒಂದು ಯಾವರ್ಗ, ಋಣ ಐದು ಯಾ, ಆರು ರೂ ಎಂಬುದನ್ನು ಕೂಡಿಸಿದರೆ ಮೂರು ಯಾವರ್ಗ, ಋಣ ಎರಡು ಯಾ, ಹತ್ತು ರೂ ಬರುತ್ತದೆ. ಯಾ ಎಂಬುದು ಹತ್ತಾದರೆ 234ಕ್ಕೆ 56 ಸೇರಿ 290, ಉತ್ತರದಿಂದಲೂ ಅಷ್ಟೇ.

ಹಿರಿಯರಿಗೆ ಇದು ಹೊಸತೇನೂ ಅಲ್ಲ. 1957ರಲ್ಲಿ ದಶಮಾಂಶ ನಾಣ್ಯ ಬರುವ ವರೆಗೆ ಇಲ್ಲಿನ ಅಂಗಡಿಗಳಲ್ಲೆಲ್ಲ ರೂಪಾಯಿ, ಆಣೆ, ಪೈಗಳ ಲೆಕ್ಕ ನಡೆಯುತ್ತಿತ್ತು. 3 ರೂಪಾಯಿ 9 ಆಣೆ 8 ಪೈಗೆ 2 ರೂಪಾಯಿ 8 ಆಣೆ 7 ಪೈ ಸೇರಿದರೆ, ಸಾಲುಸಾಲಾಗಿ 5 ರೂಪಾಯಿ, 17 ಆಣೆ, 15 ಪೈ. ಇಲ್ಲಿಯ ವರೆಗೆ ಇದು ಬಹುಪದಗಳ ಸಂಕಲನವೇ. ಬಳಿಕ ಶೆಟ್ಟರು 12 ಪೈಗಳನ್ನು ಒಂದಾಣೆಯಾಗಿಯೂ 16 ಆಣೆಗಳನ್ನು ಒಂದು ರೂಪಾಯಿಯಾಗಿಯೂ ಮೇಲಕ್ಕೇರಿಸಿ, 6 ರೂಪಾಯಿ 2 ಆಣೆ 3 ಪೈ ಎಂದು ಬರೆಯುವರು. ಬೀಜಗಣಿತದಲ್ಲಿ ಈ ಏರಿಕೆಯಿಲ್ಲ. ಎಷ್ಟು ರೂ ಸೇರಿದರೆ ಒಂದು ಯಾ, ಎಷ್ಟು ಯಾ ಸೇರಿದರೆ ಒಂದು ಯಾವರ್ಗ ಎಂಬುದೇ ತಿಳಿಯದಿರುವಾಗ ದಶಕವನ್ನು ಕೊಂಡೊಯ್ಯುವುದೆಲ್ಲಿಗೆ? ಆದುದರಿಂದ 17 ಬಂದರೆ 17 ಆಗಿಯೇ ಉಳಿಯುತ್ತದೆ. ಬಹುಪದೋಕ್ತಿಯ ಸಂಕಲನವು ಸಾಮಾನ್ಯ ಸಂಕಲನಕ್ಕಿಂತ ಕಠಿನವೆಂಬುದು ಭ್ರಾಂತಿ. ಅದು ಒಂದು ಮೆಟ್ಟಿಲು ಕಡಮೆಯೇ.

ಹಾಗಾದರೆ ಮಕ್ಕಳು ತಡವರಿಸುವುದೇಕೆ? ಲೆಕ್ಕವೆಂದರೆ ಕೊನೆಗೆ ಒಂದೇ ಸಂಖ್ಯೆ ಉಳಿಯಬೇಕೆಂದು ಅವರಿಗೆ ಏಳು ವರ್ಷ ಕಲಿಸಿದ್ದೇವೆ. ಐದು ಯಾ, ಒಂಬತ್ತು ರೂ ಎಂದು ನಿಲ್ಲಿಸಿದರೆ ಕೆಲಸ ಅರೆಯಾಯಿತೆಂಬ ಭಯ ಅವರಿಗೆ. ಆ ಭಯದಿಂದಲೇ ಮೂರು ಯಾ, ಎರಡು ಕಾ ಸೇರಿ ಐದು ಯಾಕಾ ಎಂದು ಬರೆದುಬಿಡುವರು. ಇದು ದಡ್ಡತನವಲ್ಲ, ಮುಗಿಸಬೇಕೆಂಬ ವಿಧೇಯತೆ. ತಿಳಿದುದನ್ನು ತಿಳಿದಷ್ಟೇ ಹೇಳಿ, ತಿಳಿಯದುದಕ್ಕೆ ಹೆಸರಿಟ್ಟು ಪಕ್ಕದಲ್ಲಿ ನಿಲ್ಲಿಸುವುದೂ ಪೂರ್ಣವಾದ ಉತ್ತರವೇ ಎಂದು ಅವರಿಗೆ ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿದನು. ಕನ್ನಡದಲ್ಲಿ ಲೆಕ್ಕವನ್ನು ತಿಳಿಯಹೇಳುವುದು ಅಂದಿನಿಂದಲೂ ನಡೆದುಬಂದ ಕೆಲಸ. ಅದು ಶಾಲೆಯದೆಷ್ಟೋ ಮನೆಯದೂ ಅಷ್ಟೇ. ಸಂಜೆಯ ಹೊತ್ತು ಮಗುವು ಪುಸ್ತಕವನ್ನು ಹಿಡಿದು ಬಂದಾಗ, ತೀರ್ಪನ್ನು ಹೇಳುವ ಮುಂಚೆ ಹಿರಿಯರು ಎರಡು ಬುಟ್ಟಿಗಳನ್ನು ಮುಂದಿಡಲಿ. ಅವು ಮುಚ್ಚಿಯೇ ಇರಲಿ.