ಹಚ್ಚಿದ ಗಿಡ, ಉಳಿದ ಗಿಡ

ಕಾಲೇಜಿನ ಮಕ್ಕಳು ಎನ್ನೆಸ್ಸೆಸ್ ಶಿಬಿರಕ್ಕೆ ಹೊರಟರೆಂದರೆ ಮನೆಯಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಏಳು ದಿನ ಪುಸ್ತಕ ಬಿಟ್ಟು ಬುಟ್ಟಿ, ಸಲಿಕೆ ಹಿಡಿದರೆ ಬರುವುದೇನು?

ಪ್ರಶ್ನೆ ಒರಟಾದರೂ ತಪ್ಪಲ್ಲ. ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಒಬ್ಬ ವಿದ್ಯಾರ್ಥಿ ಎರಡು ವರ್ಷಕ್ಕೆ 240 ಗಂಟೆ ದುಡಿಯಬೇಕು. ಗಂಟೆಯ ಲೆಕ್ಕ ಪಕ್ಕಾ ಇದೆ. ಆ ಗಂಟೆಗಳಿಂದ ಊರಿಗೆ ಏನಾಯಿತೆಂಬ ಲೆಕ್ಕವನ್ನು ಮಾತ್ರ ಯಾರಾದರೂ ಕೂತು ಮಾಡಬೇಕು.

ಅಮೋಘಸಿದ್ಧನಿಂದ ಹೆಸರಾದ ಅರಕೇರಿಯ ಸುತ್ತಲಿನದು ಮಳೆ ಕಡಿಮೆಯ ಸೀಮೆ. ವಿಜಯಪುರ ಜಿಲ್ಲೆಯಲ್ಲಿ 2016ರಲ್ಲಿ ಶುರುವಾದ ಕೋಟಿ ವೃಕ್ಷ ಅಭಿಯಾನಕ್ಕೆ ಹೆಸರಿನಲ್ಲೇ ಸಂಖ್ಯೆಯಿತ್ತು. ಆದರೆ ಈ ನೆಲದಲ್ಲಿ ಜೂನಿನಲ್ಲಿ ಹಚ್ಚಿದ ಗಿಡಕ್ಕೆ ಪರೀಕ್ಷೆ ಬರುವುದು ಮುಂದಿನ ಮೇ ತಿಂಗಳಲ್ಲಿ. 'ಗಿಡ ಹಚ್ಚಿ ಹೊಂಟ್ರಿ, ನೀರು ಹಾಕವ್ರು ಯಾರೋ ಯಪ್ಪಾ?' ಎಂದು ಊರಿನ ಅಜ್ಜಿ ಕೇಳಿದರೆ, ಅದಕ್ಕಿಂತ ಒಳ್ಳೆಯ ಮೌಲ್ಯಮಾಪನ ಬೇರೆಯಿಲ್ಲ. ಸಸಿಯೊಂದಕ್ಕೆ 20 ರೂಪಾಯಿ ಖರ್ಚಾಯಿತೆನ್ನಿ. ನೂರರಲ್ಲಿ 25 ಉಳಿದರೆ, ಬದುಕಿದ ಗಿಡವೊಂದಕ್ಕೆ ಬಿದ್ದ ಖರ್ಚು 80 ರೂಪಾಯಿ. ಏಳನೆಯ ತರಗತಿಯ ಗಣಿತ ಸಾಕು.

ನೀರಿನ ಕೆಲಸದ ಲೆಕ್ಕ ಇನ್ನೂ ಸೂಕ್ಷ್ಮ. ಹಳ್ಳಕ್ಕೆ ಒಡ್ಡು ಹಾಕಿದ ವರ್ಷವೇ ಮಳೆ ಚೆನ್ನಾಗಿ ಬಂದು ಬಾವಿ ತುಂಬಿದರೆ, ಕೀರ್ತಿ ಒಡ್ಡಿಗೋ ಮಳೆಗೋ? ಕೆಲಸಕ್ಕೆ ಮೊದಲೇ ಬಾವಿಯ ಮಟ್ಟ ಬರೆದಿಡಬೇಕು. ಒಡ್ಡಿಲ್ಲದ ಪಕ್ಕದ ಹಳ್ಳದ ಬಾವಿಯನ್ನೂ ಅಳೆದು ಹೋಲಿಸಬೇಕು. ಒಂದು ಹಗ್ಗ, ಒಂದು ಕಲ್ಲು, ಒಂದು ನೋಟ್‌ಬುಕ್ ಇದ್ದರೆ ಆಯಿತು.

ಕೊಡ ಹೊತ್ತು ದಿನಕ್ಕೆ ಎರಡು ತಾಸು ನಡೆಯುತ್ತಿದ್ದ ತಾಯಿ ಅರ್ಧ ತಾಸಿನಲ್ಲಿ ನೀರು ತಂದರೆ, ಉಳಿದ ಒಂದೂವರೆ ತಾಸಿಗೆ ಕೂಲಿಯ ದರದಲ್ಲಿ ಬೆಲೆ ಕಟ್ಟಬಹುದು. ಅವಳ ಜೊತೆ ನಡೆಯುತ್ತಿದ್ದ ಮಗಳು ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಬಂದು ನಿಂತರೆ ಅದಕ್ಕೆ ರೂಪಾಯಿಯ ಲೆಕ್ಕವಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಕಾಣುತ್ತದೆ. ಅದನ್ನೂ ನೋಡಬೇಕು.

ಶಿಬಿರದ ಸಮಾರೋಪಕ್ಕೆ ಹಾರ, ಭಾಷಣ, ಫೋಟೊ ಎಲ್ಲ ಇರಲಿ. ಪಾಲಕರು ಮಾಡಬೇಕಾದದ್ದು ಒಂದೇ: ಮುಂದಿನ ಬೇಸಿಗೆಯಲ್ಲಿ ಮಕ್ಕಳ ಕೈಗೆ ಬಸ್ ಚಾರ್ಜು ಕೊಟ್ಟು ಅದೇ ಊರಿಗೆ ಮತ್ತೊಮ್ಮೆ ಕಳಿಸಬೇಕು. ಉಳಿದ ಗಿಡಗಳನ್ನು ಎಣಿಸಿಕೊಂಡು ಬರಲಿ. ಒಣಗಿದವನ್ನೂ ಬರೆದುಕೊಂಡು ಬರಲಿ.