ಪಕ್ಕದ ಆಸನ

ಗೃಹಸ್ಥರ ಹವ್ಯಾಸಗಳಲ್ಲಿ ಕೆಲವು ಮನೆಯಲ್ಲಿ ಸ್ಥಳವನ್ನು ಬೇಡುತ್ತವೆ, ಕೆಲವು ಹಣವನ್ನು ಬೇಡುತ್ತವೆ, ಮತ್ತೆ ಕೆಲವು ಹೆಂಡತಿಯ ಸಹನೆಯನ್ನು ಬೇಡುತ್ತವೆ. ಈ ಮೂರನ್ನೂ ಒಟ್ಟಿಗೇ ಬೇಡುವ ಹವ್ಯಾಸವೊಂದು ಅಮೆರಿಕದಲ್ಲಿ ಉಂಟು. ಅದರ ಹೆಸರು ಆಟೋಕ್ರಾಸ್.

ಆಟವೇನೋ ಸರಳವಾದುದು. ವಿಶಾಲವಾದ ಬಯಲಿನಂಥ ಪಾರ್ಕಿಂಗ್ ಜಾಗದಲ್ಲೋ ಹಳೆಯ ವಿಮಾನ ನಿಲ್ದಾಣದಲ್ಲೋ ಕಿತ್ತಳೆ ಬಣ್ಣದ ಶಂಕುಗಳನ್ನು ಜೋಡಿಸಿ ಅಂಕುಡೊಂಕಾದ ಹಾದಿಯನ್ನು ರಚಿಸುತ್ತಾರೆ. ಕಾರುಗಳು ಒಂದೊಂದಾಗಿ ಓಡುತ್ತವೆ, ಎದುರಾಳಿ ಗಡಿಯಾರವೊಂದೇ. ಓಟ ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಶಂಕುವೊಂದನ್ನು ಕೆಡವಿದರೆ 2 ಸೆಕೆಂಡುಗಳ ದಂಡ. ಮುಂಚಿತವಾಗಿ ಕಾರು ಓಡಿಸಿ ಅಭ್ಯಾಸ ಮಾಡುವಂತಿಲ್ಲ; ಹಾದಿಯನ್ನು ಕಾಲ್ನಡಿಗೆಯಲ್ಲಿ ಸುತ್ತಿ, ತಿರುವುಗಳನ್ನು ಕಂಠಪಾಠ ಮಾಡಿಕೊಳ್ಳಬೇಕು. ತನ್ನ ಸರದಿಯಿಲ್ಲದಾಗ ಬಿಸಿಲಿನಲ್ಲಿ ನಿಂತು, ಇತರರು ಕೆಡವಿದ ಶಂಕುಗಳನ್ನು ಎತ್ತಿ ನಿಲ್ಲಿಸಬೇಕು. 1944ರಲ್ಲಿ ಸ್ಥಾಪಿತವಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಸಂಸ್ಥೆ 1973ರಲ್ಲಿ ಇದರ ರಾಷ್ಟ್ರೀಯ ಸ್ಪರ್ಧೆಯನ್ನು ಮೊದಲ ಬಾರಿಗೆ ನಡೆಸಿತು.

ಈ ಆಟಕ್ಕೆಂದೇ ಹುಟ್ಟಿತೋ ಎನ್ನಿಸುವ ಕಾರು ಮಜ್ದಾ ಮಿಯಾಟ. 1989ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಕಾಣಿಸಿಕೊಂಡ ಈ ಕಾರಿಗೆ ಆಸನಗಳು ಎರಡೇ, ಎಂಜಿನ್ 1.6 ಲೀಟರಿನದು, ತೂಕ ಒಂದು ಟನ್ನಿಗೂ ಕಡಿಮೆ. 1962ರಲ್ಲಿ ಬಂದ ಲೋಟಸ್ ಎಲಾನ್ ಮೊದಲಾದ ಇಂಗ್ಲೆಂಡಿನ ಪುಟ್ಟ ಕಾರುಗಳೇ ಇದಕ್ಕೆ ಸ್ಫೂರ್ತಿ. ಲೋಟಸ್ಸಿನ ಜನಕ ಕಾಲಿನ್ ಚಾಪ್‌ಮನ್ ಕೂಡ ಗ್ಯಾರೇಜಿನ ಸಾಧಕನೇ. 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಬಿಚ್ಚಿ, ತನ್ನ ಕೈಯಿಂದಲೇ ಮರಳಿ ಕಟ್ಟಿ ಸ್ಪರ್ಧೆಗೆ ಇಳಿದವನು ಆತ. ಎಂಜಿನ್ನಿನ ಬಲ ಹೆಚ್ಚಿದರೆ ನೆಟ್ಟನೆಯ ದಾರಿಯಲ್ಲಿ ಮಾತ್ರ ಲಾಭ. ಭಾರ ಇಳಿದರೆ ಓಟಕ್ಕೆ, ತಿರುವಿಗೆ, ನಿಲುಗಡೆಗೆ ಎಲ್ಲಕ್ಕೂ ಲಾಭವೆಂಬುದು ಅವನ ಸಿದ್ಧಾಂತ.

ಹಳೆಯ ಮಿಯಾಟವೊಂದನ್ನು ಕೊಂಡು ಈ ಸಿದ್ಧಾಂತಕ್ಕೆ ಶರಣಾದ ಗೃಹಸ್ಥನನ್ನು ಓದುಗರು ಊಹಿಸಿಕೊಳ್ಳಬಹುದು. ಶನಿವಾರ ಬೆಳಗಾದರೆ ಅವನು ಗ್ಯಾರೇಜಿನಲ್ಲಿ. ಕಾರನ್ನು ಜಾಕಿನಿಂದ ಎತ್ತಿ, ಉಕ್ಕಿನ ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿದ ಮೇಲೆಯೇ ಅಡಿಗೆ ನುಸುಳುತ್ತಾನೆ. ಜಾಕನ್ನೇ ನಂಬಿ ಕಾರಿನಡಿ ಮಲಗಿದವರು ಪ್ರಾಣ ಕಳೆದುಕೊಂಡದ್ದುಂಟು. ಮೊದಲು ಷಾಕ್ ಅಬ್ಸಾರ್ಬರುಗಳು ಬದಲಾಗುತ್ತವೆ, ಅನಂತರ ಹಿಡಿತ ಹೆಚ್ಚಿರುವ ಟೈರುಗಳು ಬರುತ್ತವೆ. ತಿರುವಿನಲ್ಲಿ ಕಾರು ವಾಲಿದಾಗ ಹೊರಮಗ್ಗುಲ ಟೈರು ಅಂಚಿನ ಮೇಲೆ ನಿಲ್ಲಲು ಹೊರಡುತ್ತದೆ. ಆದುದರಿಂದ ಚಕ್ರಗಳ ತಲೆಯನ್ನು ಮೊದಲೇ ಒಂದಿಷ್ಟು ಒಳಕ್ಕೆ ಓಲಿಸಿಡುತ್ತಾನೆ. ಕಾರಿನ ಎರಡು ಪಕ್ಕಗಳಲ್ಲೂ ಸಮಾಂತರವಾಗಿ ದಾರ ಕಟ್ಟಿ, ಗೋಡೆ ಕಟ್ಟುವ ಗಾರೆಯವನಂತೆ ಒಂದು ಕಣ್ಣು ಮುಚ್ಚಿ, ಚಕ್ರದ ಅಂಚಿಗೂ ದಾರಕ್ಕೂ ಇರುವ ಅಂತರವನ್ನು ಅಳೆಯುತ್ತಾನೆ. ಟೈರಿನ ಅಂಚಿಗೆ ಸೀಮೆಸುಣ್ಣ ಬಳಿದು, ಓಟದಲ್ಲಿ ಅದು ಎಲ್ಲಿಯವರೆಗೆ ಅಳಿಸಿತೆಂದು ನೋಡಿ ಗಾಳಿಯನ್ನು ಏರಿಸುತ್ತಾನೆ, ಇಳಿಸುತ್ತಾನೆ.

ಬಳಿಕ ಭಾರ ಇಳಿಸುವ ಯಜ್ಞ. ಸ್ಟೆಪ್ನಿ ಹೋಯಿತು, ಜಾಕು ಹೋಯಿತು, ಡಿಕ್ಕಿಯಲ್ಲಿದ್ದ ಛತ್ರಿಯೂ ಹೋಯಿತು. ಕೊನೆಗೆ ಕಣ್ಣು ಬಿದ್ದದ್ದು ಪಕ್ಕದ ಆಸನದ ಮೇಲೆ. ಬಿಚ್ಚಬೇಕಾದದ್ದು ಕೆಲವೇ ಬೋಲ್ಟುಗಳು! ಆದರೆ ರಸ್ತೆಯ ಕಾರುಗಳ ವರ್ಗದಲ್ಲಿ ಆಸನ ಕೀಳುವುದಕ್ಕೆ ನಿಯಮದ ಒಪ್ಪಿಗೆಯಿಲ್ಲ. ಕಿತ್ತರೆ, ಆಮೂಲಾಗ್ರವಾಗಿ ಬದಲಾದ ಕಾರುಗಳ ವರ್ಗಕ್ಕೆ ಏರಬೇಕು. ಅಲ್ಲಿರುವವರು ಕಾರಿನಲ್ಲಿ ಉಳಿಸಿರುವುದೇ ಅಲ್ಪ. ಅವರೆದುರಿಗೆ ಈತ ಆನೆಯ ಮುಂದಿನ ಆಡು.

ಸ್ಪ್ಯಾನರ್ ಹಿಡಿದು ಯೋಚಿಸುತ್ತಿದ್ದವನನ್ನು ಕಂಡು ಹೆಂಡತಿ ಕೇಳಿದ್ದು ಒಂದೇ ಮಾತು: “ಹಾಗಾದರೆ ಇನ್ನು ಮೇಲೆ ನಾನು ಬಸ್ಸಿನಲ್ಲಿ ಬರಬೇಕೆ?”

ಇಬ್ಬರೂ ಕೂಡಿ ಸುತ್ತಾಡುವುದಕ್ಕೆಂದು ಕೊಂಡ ಕಾರು ಅದು. ಅವನಿಗೆ ಉತ್ತರ ಹೊಳೆಯಲಿಲ್ಲ. ಕಿತ್ತರೆ ಒಬ್ಬನ ಆಟಿಕೆ, ಬಿಟ್ಟರೆ ಇಬ್ಬರ ಕಾರು. ನಡುವೆ ಇರುವುದು ಸೆಕೆಂಡಿನ ಒಂದು ತುಣುಕು. ಅಂದಿಗೆ ಸ್ಪ್ಯಾನರ್ ಪೆಟ್ಟಿಗೆ ಸೇರಿತು. ಆದರೆ ಆಸೆ ಪೆಟ್ಟಿಗೆ ಸೇರಲಿಲ್ಲ.

ಮರುದಿನದ ಸ್ಪರ್ಧೆಯಲ್ಲಿ ಮೊದಲ ಓಟ ಸಾಧಾರಣವಾಯಿತು. ಎರಡನೆಯದರಲ್ಲಿ ಒಂದು ಶಂಕು ಉರುಳಿತು. ಅದನ್ನು ಕಂಡ ಹಿರಿಯ ಸ್ಪರ್ಧಿಯೊಬ್ಬರು ಹೆಲ್ಮೆಟ್ ಧರಿಸಿ, ಅನುಮತಿ ಪಡೆದು, ಅವನ ಪಕ್ಕದಲ್ಲಿ ಬಂದು ಕುಳಿತರು. ಹೊಸಬರಿಗೆ ಹೀಗೆ ಪಾಠ ಹೇಳುವ ಸಂಪ್ರದಾಯ ಈ ಆಟದಲ್ಲಿ ಉಂಟು. ಅವರು ಹೇಳಿದ್ದಾದರೂ ಏನು? “ಎದುರಿಗಿರುವ ಶಂಕುವನ್ನು ನೋಡಬೇಡ, ಅದರಾಚೆಯದನ್ನು ನೋಡು. ತಿರುವಿಗೆ ಮೊದಲೇ ನಿಧಾನಿಸು.” ಒಂದಾಳಿನ ಭಾರವನ್ನು ಹೊತ್ತೂ ಆ ಓಟ ಹಿಂದಿನವೆರಡಕ್ಕಿಂತ ಬೇಗ ಮುಗಿಯಿತು.

ಬಿಚ್ಚಿ ಎಸೆಯಬೇಕೆಂದಿದ್ದ ಆಸನದಿಂದಲೇ ಅವನಿಗೆ ಬೇಕಾದ ವೇಗ ಬಂದಿತ್ತು. ಷಾಕ್ ಅಬ್ಸಾರ್ಬರಿಗೆ ಹಣ ತೆತ್ತದ್ದು ವ್ಯರ್ಥವೆಂದಲ್ಲ. ಆದರೆ ಹದಗೊಳಿಸಬೇಕಾದ ಭಾಗಗಳ ಪಟ್ಟಿಯಲ್ಲಿ ಕಾರಿನ ಯಜಮಾನನನ್ನು ಸೇರಿಸುವುದೇ ಮರೆತುಹೋಗಿತ್ತು.

ಮುಂದಿನ ಸ್ಪರ್ಧೆಯ ಪಟ್ಟಿಯಲ್ಲಿ ಆ ಒಂದೇ ಕಾರಿಗೆ ಇಬ್ಬರು ಚಾಲಕರ ಹೆಸರುಗಳಿದ್ದವು. ನಿಯಮಗಳು ಅದಕ್ಕೆ ಅಡ್ಡಿ ಬರುವುದಿಲ್ಲ. ಗಂಡಹೆಂಡಿರಲ್ಲಿ ಯಾರ ಓಟ ಬೇಗ ಮುಗಿಯಿತೆಂದು ಕೇಳಿದರೆ, ಆತ ಅಂದಿನ ಟೈರುಗಳ ಗಾಳಿಯ ವಿಷಯ ಮಾತನಾಡತೊಡಗುತ್ತಾನೆ.